‘ಔಟ್‌ಶೈನ್’ ಮಾಡಿದ್ದು ಯಾರನ್ನು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. ಶಾಲೆಯ ವಾರ್ಷಿಕ ಸಂಚಿಕೆಗೆ ಇಂಗ್ಲಿಷ್ ವರದಿ ಬರೆಯುವ ಕೆಲಸ ಈ ಸಲ ನನ್ನ ತಲೆಗೆ ಬಂತು. ಉಪಜಿಲ್ಲಾ ಕಲೋತ್ಸವದಲ್ಲಿ ನಮ್ಮ ಮಕ್ಕಳು ತುಂಬ ಚೆನ್ನಾಗಿ ಮಾಡಿದ್ದರು. ಹಾಗಾಗಿ "ಅವರ್ ಸ್ಟೂಡೆಂಟ್ಸ್ ಔಟ್‌ಶೈನ್ಡ್ ಇನ್ ದ ಕಲೋತ್ಸವಂ" ಎಂದು ಬರೆದೆ. ಹೆಡ್ ಮಾಷ್ಟ್ರು "ಔಟ್‌ಶೈನ್ಡ್ ಅಂತ ಶಬ್ದವೇ ಇಲ್ಲ" ಎಂದು ‘ಔಟ್‌ಶೋನ್’ ಮಾಡಿದರು. ಮಲಯಾಳಂ ವಿಭಾಗದ ಒಬ್ಬರು "ಓವರ್‌ಶ್ಯಾಡೋಡ್ ದಿ ಅದರ್ ಸ್ಕೂಲ್ಸ್ ಅಂತ ಹಾಕಿ, ಗಟ್ಟಿ ಉಂಟು" ಎಂದರು. ಪಿಟಿಎ ಅಧ್ಯಕ್ಷರು "ಬೇರೆ ಶಾಲೆಯವರನ್ನು ತುಳಿದ ಹಾಗೆ ಕೇಳ್ತದೆ, ಆ ಶಬ್ದವೇ ಬೇಡ" ಎಂದರು. ಯಾರ ಮಾತು ಸರಿ? ಇನ್ನೊಂದು ಸಂಗತಿ. ಪ್ಲಸ್ ಟು ಮುಗಿಸಿದ ಮಗಳು ಕಾಲೇಜಿನ ಅರ್ಜಿಯಲ್ಲಿ "ಐ ಆಲ್ವೇಸ್ ಔಟ್‌ಶೈನ್ ಮೈ ಕ್ಲಾಸ್‌ಮೇಟ್ಸ್" ಎಂದು ಬರೆದಿದ್ದಾಳೆ. ಇರಲಿಯಾ, ತೆಗೆಸಬೇಕಾ?

ಉತ್ತರ: ಟೀಚರೇ, ಮೂರು ಜನ ಮೂರು ತಿದ್ದುಪಡಿ ಹೇಳಿದ್ದಾರೆ. ಆದರೆ ನಿಮ್ಮ ವಾಕ್ಯ ನಿಜವಾಗಿ ಎಡವಿದ ಜಾಗವನ್ನು ಮೂವರೂ ನೋಡಲಿಲ್ಲ. ಔಟ್‌ಶೈನ್ಡ್ ಎಂದು ಬರೆಯಿರಿ, ಔಟ್‌ಶೋನ್ ಎಂದು ಬರೆಯಿರಿ, ಮಕ್ಕಳು ಔಟ್‌ಶೈನ್ ಮಾಡಿದ್ದು ಯಾರನ್ನು ಎಂಬುದಕ್ಕೆ ಆ ವಾಕ್ಯದಲ್ಲಿ ಉತ್ತರವಿಲ್ಲ. ಈ ಕ್ರಿಯಾಪದಕ್ಕೆ ಕರ್ಮ ಬೇಕೇ ಬೇಕು.

ನಾನು ಇಂಗ್ಲಿಷ್ ಕಲಿಸಿದವನು. ಈಗ ಅನುವಾದ ಮಾಡುತ್ತೇನೆ, ಜೊತೆಗೆ ಈ ಕಡೆಯ ಶಾಲೆ, ಸಂಘಗಳ ಸಂಚಿಕೆಗಳ ಕರಡು ತಿದ್ದುತ್ತೇನೆ. ಔಟ್‌ಶೈನ್ ಬಂದಲ್ಲೆಲ್ಲ ಹೆಚ್ಚಾಗಿ ಇದೇ ತಪ್ಪು ಕಾಣುತ್ತದೆ. ಇಂಗ್ಲಿಷ್ ಬಾರದವರು ಈ ಶಬ್ದದ ಹತ್ತಿರ ಹೋಗುವುದೇ ಇಲ್ಲ. ಒಳ್ಳೆಯ ಇಂಗ್ಲಿಷ್ ಬರೆಯಬೇಕು ಎಂಬ ಆಸೆ ಇರುವವರೇ ಇದನ್ನು ತಂದು ಹಾಕುವುದು.

ಯಾಕೆ ಹೀಗಾಗುತ್ತದೆ? ನಮ್ಮ ಪತ್ರಿಕೆಗಳಲ್ಲಿ "ಕಲೋತ್ಸವದಲ್ಲಿ ಮಿಂಚಿದ ವಿದ್ಯಾರ್ಥಿಗಳು" ಎಂದು ತಲೆಬರಹ ಬರುತ್ತದಲ್ಲ, ಆ ‘ಮಿಂಚು’ ಮನಸ್ಸಿನಲ್ಲಿ ಕೂತಿರುತ್ತದೆ. ಮಲಯಾಳಂ ಪತ್ರಿಕೆಯ ‘ತಿಳಙ್ಙಿ’ಯದ್ದೂ ಇದೇ ಕಥೆ. ಮಿಂಚಿದರು ಎಂದರೆ ‘ಯಾರನ್ನು’ ಎಂದು ಯಾರೂ ಕೇಳುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಅದೇ ‘ಮೀರಿಸಿದರು’ ಎಂದು ಹೇಳಿ ಸುಮ್ಮನಾದರೆ ಕೇಳುವವರು ಕಾಯುತ್ತಾರೆ. ಯಾರನ್ನು ಮೀರಿಸಿದರು? ಔಟ್‌ಶೈನ್ ಈ ಎರಡನೆಯ ಜಾತಿಯದ್ದು. ಮನಸ್ಸು ‘ಮಿಂಚಿದರು’ ಎನ್ನುತ್ತದೆ, ಕೈ ‘ಮೀರಿಸಿದರು’ ಎಂದು ಬರೆಯುತ್ತದೆ.

ಇದಕ್ಕೆ ‘ಔಟ್‌ಸ್ಟ್ಯಾಂಡಿಂಗ್’ ಎಂಬ ಶಬ್ದದ ಕೈವಾಡವೂ ಸ್ವಲ್ಪ ಇದೆ ಎಂದು ನನ್ನ ಅಂದಾಜು. ಸರ್ಟಿಫಿಕೇಟುಗಳಲ್ಲಿ ಅದನ್ನು ನೋಡಿ ನೋಡಿ, ಮುಂದೆ ‘ಔಟ್’ ಬಂದರೆ ಅರ್ಥ ಜೋರಾಗುತ್ತದೆ ಎಂದು ನಂಬಿಬಿಟ್ಟಿದ್ದೇವೆ. ಶೈನ್ ಎಂದರೆ ಹೊಳೆಯುವುದು, ಔಟ್‌ಶೈನ್ ಎಂದರೆ ಜಾಸ್ತಿ ಹೊಳೆಯುವುದು ಎಂಬ ಲೆಕ್ಕ. ಹಾಗಲ್ಲ. ಕ್ರಿಯಾಪದದ ಮುಂದೆ ಈ ‘ಔಟ್’ ಕೂತಾಗ ಬಹಳ ಕಡೆ ಅದು ಇಬ್ಬರ ನಡುವಿನ ಪೈಪೋಟಿ. ಔಟ್‌ರನ್ ಎಂದರೆ ಒಬ್ಬನನ್ನು ಓಟದಲ್ಲಿ ಹಿಂದೆ ಹಾಕುವುದು. ಔಟ್‌ಬಿಡ್ ಎಂದರೆ ಏಲಂನಲ್ಲಿ ಇನ್ನೊಬ್ಬರಿಗಿಂತ ಹೆಚ್ಚು ಕೂಗುವುದು. ಔಟ್‌ಲಿವ್ ಎಂದರೆ ಇನ್ನೊಬ್ಬರು ಹೋದ ಮೇಲೂ ಬದುಕಿರುವುದು. ಔಟ್‌ವಿಟ್, ಔಟ್‌ನಂಬರ್, ಔಟ್‌ಪ್ಲೇ ಎಲ್ಲ ಇದೇ ಮನೆತನ. ಇವುಗಳ ಪಕ್ಕದಲ್ಲಿ ಸೋತವನೊಬ್ಬ ನಿಂತಿರಲೇಬೇಕು. ಔಟ್‌ಕಮ್, ಔಟ್‌ಲೆಟ್, ಔಟ್‌ಬ್ರೇಕ್ ಎಂಬ ನಾಮಪದಗಳಲ್ಲಿ ‘ಔಟ್’ಗೆ ‘ಹೊರಗೆ’ ಎಂಬ ಅರ್ಥ ಇದೆ ನಿಜ. ಅವನ್ನು ಹೇಳುವಾಗ ಒತ್ತು ‘ಔಟ್’ ಮೇಲೆ ಬೀಳುತ್ತದೆ. ಔಟ್‌ಶೈನ್ ಕ್ರಿಯಾಪದ, ಅದರಲ್ಲಿ ಒತ್ತು ‘ಶೈನ್’ ಮೇಲೆ. ವೇದಿಕೆಯಲ್ಲಿ ವರದಿ ಓದುವವರಿಗೆ ಇದನ್ನು ಹೇಳಿಕೊಡಿ.

ಕರ್ಮ ಹಾಕಿದವರೂ ಇನ್ನೊಂದು ಕಡೆ ಜಾರುತ್ತಾರೆ. "ಔಟ್‌ಶೈನ್ಡ್ ದ್ಯಾನ್ ಅದರ್ಸ್" ಎಂದು ಬರೆಯುತ್ತಾರೆ. ‘ಇತರರಿಗಿಂತ’ ಎಂಬ ನಮ್ಮ ಮಾತು ಅಲ್ಲಿ ನುಸುಳಿರುತ್ತದೆ. ‘ಗಿಂತ’ದ ಕೆಲಸವನ್ನು ಆ ‘ಔಟ್’ ಆಗಲೇ ಮುಗಿಸಿದೆ. ಹಾಗಾಗಿ ದ್ಯಾನ್ ಬೇಡ, ಓವರ್ ಬೇಡ, ಫ್ರಮ್ ಬೇಡ. ನೇರವಾಗಿ "ಔಟ್‌ಶೋನ್ ದಿ ಅದರ್ಸ್". ಯಾವ ವಿಷಯದಲ್ಲಿ ಎಂದು ಹೇಳಬೇಕಿದ್ದರೆ ಆಮೇಲೆ ಇನ್ ಅಥವಾ ಆ್ಯಟ್ ಸೇರಿಸಿ.

ಈಗ ಹೆಡ್ ಮಾಷ್ಟ್ರ ಮಾತಿಗೆ ಬರೋಣ. ‘ಔಟ್‌ಶೈನ್ಡ್’ ಶಬ್ದವೇ ಇಲ್ಲ ಎಂಬುದು ಪೂರ್ತಿ ಸರಿಯಲ್ಲ. ಅಮೆರಿಕದ ನಿಘಂಟುಗಳು ಅದನ್ನೂ ಒಂದು ರೂಪವಾಗಿ ಕೊಡುತ್ತವೆ. ಆದರೆ ಹೆಚ್ಚು ಬಳಕೆಯಲ್ಲಿರುವುದು ಔಟ್‌ಶೋನ್. ನಮ್ಮ ಶಾಲೆ, ಕಚೇರಿಗಳ ಇಂಗ್ಲಿಷ್ ಬ್ರಿಟಿಷ್ ದಾರಿಯದ್ದು. ಇಲ್ಲಿ ಔಟ್‌ಶೈನ್ಡ್ ಎಂದರೆ ಓದುವವರು ತಪ್ಪೆಂದೇ ತಿಳಿಯುತ್ತಾರೆ. ಆದ್ದರಿಂದ ಅವರು ಹೇಳಿದ ರೂಪವನ್ನೇ ಇಟ್ಟುಕೊಳ್ಳಿ. ನಿಮಗೆ ಅನುಮಾನ ಬಂದದ್ದು ಸುಮ್ನೆ ಅಲ್ಲ. ‘ಶೈನ್’ಗೆ ಎರಡು ಭೂತಕಾಲ ಇವೆ. ಸೂರ್ಯ ಹೊಳೆದ ಎನ್ನುವುದಕ್ಕೆ ಶೋನ್. ಶೂ ಪಾಲಿಶ್ ಮಾಡಿ ಹೊಳೆಯಿಸಿದ ಎನ್ನುವುದಕ್ಕೆ ಶೈನ್ಡ್. ಕರ್ಮ ಇದ್ದರೆ ಶೈನ್ಡ್ ಎಂದು ವ್ಯಾಕರಣ ಪುಸ್ತಕ ಹೇಳುತ್ತದೆ. ಔಟ್‌ಶೈನ್‌ಗೂ ಕರ್ಮ ಇದೆ, ಹಾಗಾದರೆ ಔಟ್‌ಶೈನ್ಡ್ ಆಗಬೇಕಲ್ವಾ ಎಂದು ಕೇಳಿದರೆ ತರ್ಕ ಸರಿಯಾಗಿಯೇ ಇದೆ. ಭಾಷೆ ಆ ತರ್ಕಕ್ಕೆ ಕಿವಿಗೊಡಲಿಲ್ಲ, ಅಷ್ಟೇ.

ಉಚ್ಚಾರಣೆಯ ಜಗಳವೂ ಒಂದು ಉಂಟು. ಬ್ರಿಟಿಷರ ಬಾಯಲ್ಲಿ ಅದು ಗಿಡ್ಡವಾಗಿ ‘ಶಾನ್’, ಅವರ ‘ಗಾನ್’ ಇದ್ದ ಹಾಗೆ. ಅಮೆರಿಕದವರದ್ದು ‘ಶೋನ್’. ಎರಡೂ ನಡೆಯುತ್ತದೆ.

ಅಧ್ಯಕ್ಷರ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಔಟ್‌ಶೈನ್ ಎಂದರೆ ತುಳಿಯುವುದಲ್ಲ. ಇಲ್ಲಿ ಯಾರೂ ಯಾರ ಬೆಳಕನ್ನೂ ಆರಿಸುವುದಿಲ್ಲ. ಹಗಲು ನಕ್ಷತ್ರ ಕಾಣುವುದಿಲ್ಲ, ಯಾಕೆ? ಅವು ಅಲ್ಲೇ ಇವೆ, ಇದ್ದಷ್ಟೇ ಬೆಳಗುತ್ತಿವೆ. ಸೂರ್ಯನ ಬೆಳಕು ಆಕಾಶ ತುಂಬ ಚದುರಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಶುಕ್ರ ಎಲ್ಲ ನಕ್ಷತ್ರಗಳಿಗಿಂತ ಪ್ರಕಾಶವಾಗಿ ಕಾಣುತ್ತಾನೆ. ಒಂದು ಸೂಪರ್‌ನೋವಾ ಸಿಡಿದರೆ ಕೆಲವು ದಿನ ತಾನಿರುವ ಇಡೀ ಗೆಲಾಕ್ಸಿಯನ್ನೇ ಮೀರಿ ಬೆಳಗಬಲ್ಲದು. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಔಟ್‌ಶೈನ್ ಎಂದೇ ಹೇಳುತ್ತಾರೆ. ಅದು ಈ ಶಬ್ದದ ನೇರ ಅರ್ಥ. 16ನೇ ಶತಮಾನದ ಕೊನೆಯಿಂದ ಇಂಗ್ಲಿಷ್ ಬರಹದಲ್ಲಿ ಈ ಶಬ್ದ ಸಿಗುತ್ತದೆ.

ಅಂದರೆ ಔಟ್‌ಶೈನ್ ಮಾಡಲು ಉದ್ದೇಶ ಬೇಕಿಲ್ಲ. ಮದುವೆಗೆ ಬಂದ ನೆಂಟರ ಹುಡುಗಿಯೊಬ್ಬಳು ಮದುಮಗಳಿಗಿಂತ ಹೆಚ್ಚು ಕಣ್ಣಿಗೆ ಬಿದ್ದರೆ ಅವಳು ಮದುಮಗಳನ್ನು ಔಟ್‌ಶೈನ್ ಮಾಡಿದಳು. ಪಾಪ, ಅವಳು ಒಳ್ಳೆಯ ಸೀರೆ ಉಟ್ಟದ್ದು ಬಿಟ್ಟು ಬೇರೇನೂ ಮಾಡಿರುವುದಿಲ್ಲ. ಆದರೂ ಮದುಮಗಳ ಅಮ್ಮನ ಎದುರು ಆ ಮಾತು ಆಡುತ್ತೇವಾ? ಅಧ್ಯಕ್ಷರ ಹೆದರಿಕೆ ಅಲ್ಲಿ ಸರಿ. ಶಬ್ದದಲ್ಲಿ ಬೈಗುಳ ಇಲ್ಲ. ಆದರೆ ಅದು ಮಂಕಾದವರನ್ನೂ ಕರೆತಂದು ಪಕ್ಕದಲ್ಲಿ ನಿಲ್ಲಿಸುತ್ತದೆ. ನೋವಾಗುವುದು ಅವರ ಹೆಸರು ಹೇಳಿದಾಗ.

ನಿವೃತ್ತಿಯ ವಿದಾಯ ಪತ್ರಗಳಲ್ಲಿ ಇದರ ಅವಾಂತರ ನೋಡಬೇಕು. "ಯು ಹ್ಯಾವ್ ಔಟ್‌ಶೋನ್ ಆಲ್ ದ ಹೆಡ್‌ಮಾಸ್ಟರ್ಸ್ ಬಿಫೋರ್ ಯು" ಎಂದು ಫ್ರೇಮು ಹಾಕಿಸಿ ವೇದಿಕೆಯಲ್ಲಿ ಓದುತ್ತಾರೆ. ಹಿಂದಿನ ಇಬ್ಬರು ಹೆಡ್ ಮಾಷ್ಟ್ರು ಅದೇ ವೇದಿಕೆಯ ಮೇಲೆ ಶಾಲು ಹೊದ್ದು ಕೂತಿರುತ್ತಾರೆ! ವ್ಯಾಕರಣ ಸರಿಯಾಗಿಯೇ ಇರುತ್ತದೆ.

ಮಲಯಾಳಂ ವಿಭಾಗದವರು ಹೇಳಿದ ‘ಓವರ್‌ಶ್ಯಾಡೋ’ ಇನ್ನೂ ಅಪಾಯ. ಅಲ್ಲಿ ಬೆಳಕೇ ಇಲ್ಲ, ಇರುವುದು ನೆರಳು. ದೊಡ್ಡ ಹಲಸಿನ ಮರದ ಅಡಿಯಲ್ಲಿ ನೆಟ್ಟ ಗಿಡ ಸೊರಗುತ್ತದಲ್ಲ, ಆ ಚಿತ್ರ. ಮರ ದೊಡ್ಡದು ಎಂಬುದಷ್ಟೇ ಕಾರಣ, ಅದು ಒಳ್ಳೆಯದು ಎಂದೇನೂ ಅಲ್ಲ. "ನಾವು ಬೇರೆ ಶಾಲೆಗಳನ್ನು ಓವರ್‌ಶ್ಯಾಡೋ ಮಾಡಿದೆವು" ಎಂದರೆ, ನಮ್ಮ ಗಾತ್ರ, ಪ್ರಭಾವದಿಂದ ಅವರು ಕಾಣದ ಹಾಗಾದರು ಎಂದೂ ಓದಬಹುದು. ಹೆಚ್ಚಿನ ಸಲ ಇದನ್ನು ನೆರಳಿಗೆ ಸಿಕ್ಕವರ ಮೇಲಿನ ಕನಿಕರದಿಂದ ಬಳಸುತ್ತಾರೆ. ಪ್ರಸಿದ್ಧ ಅಣ್ಣನ ತಮ್ಮ, ದೊಡ್ಡ ಪೇಟೆಯ ಪಕ್ಕದ ಸಣ್ಣ ಊರು, ಹೀಗೆ. ಇದಕ್ಕೆ ಇನ್ನೊಂದು ಬಳಕೆಯೂ ಇದೆ. ಸಂಭ್ರಮದ ನಡುವೆ ಕೆಟ್ಟ ಸುದ್ದಿ ಬಂದು ಎಲ್ಲರ ಮುಖ ಬಾಡಿದರೆ, ಆ ಸುದ್ದಿ ಸಂಭ್ರಮವನ್ನು ಓವರ್‌ಶ್ಯಾಡೋ ಮಾಡಿತು ಎನ್ನುತ್ತಾರೆ. ಅಲ್ಲಿ ಔಟ್‌ಶೈನ್ ಹಾಕಿದರೆ ನಗೆಪಾಟಲು. ಸಾವಿನ ಸುದ್ದಿ ಹೊಳೆಯುವುದುಂಟೇ?

ಇದೇ ಸಾಲಿನಲ್ಲಿ ‘ಇಕ್ಲಿಪ್ಸ್’ ಕೂಡ ಇದೆ. ನೀವು ಕೇಳಿಲ್ಲ. ಆದರೆ ಯಾರಾದರೂ ನಾಲ್ಕನೆಯವರು ಬಂದು ಅದನ್ನೂ ಹೇಳಿಯಾರು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯವರಿಗೆ ಮರೆತಿರಲಿಕ್ಕಿಲ್ಲ. ಬೆಳಗ್ಗೆ 9 ಗಂಟೆ ದಾಟಿದ ಮೇಲೆ ಚೆರ್ವತ್ತೂರಿನಲ್ಲಿ ಸೂರ್ಯ ಬಳೆಯಂತೆ ಕಂಡ. ಅದನ್ನು ನೋಡಲೆಂದೇ ಹೊರಗಿನಿಂದ ಜನ ಬಂದಿದ್ದರು. ಅವತ್ತು ಸೂರ್ಯನನ್ನು ಮುಚ್ಚಿದ ಚಂದ್ರನಿಗೆ ಸ್ವಂತ ಬೆಳಕು ಒಂದು ಚೂರೂ ಇಲ್ಲ. ನಡುವೆ ಬಂದು ನಿಂತದ್ದೇ ಅವನ ಕೆಲಸ. ಭೂಮಿಯಿಂದ ಸ್ವಲ್ಪ ದೂರ ಇದ್ದುದರಿಂದ ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿಯೂ ಕಾಣಲಿಲ್ಲ, ಅದಕ್ಕೇ ಸುತ್ತ ಬಳೆ ಉಳಿಯಿತು. ಇಂಗ್ಲಿಷಿನವರು ಇಕ್ಲಿಪ್ಸ್ ಅನ್ನು ಮನುಷ್ಯರಿಗೆ ಬಳಸುವಾಗ ಇಷ್ಟೆಲ್ಲ ಯೋಚಿಸುವುದಿಲ್ಲ. ಆದರೂ ಅದು ಔಟ್‌ಶೈನ್‌ಗಿಂತ ಬಲವಾದ ಮಾತು. ಹಿಂದಿನವನ ಕೀರ್ತಿಯೇ ಮರೆಯಾಗಿ ಹೋಯಿತು ಎನ್ನುವಾಗ ಅದು ಬರುತ್ತದೆ. ಒಂದು ಉಪಜಿಲ್ಲಾ ಕಲೋತ್ಸವಕ್ಕೆ ಅಷ್ಟು ಬೇಡ.

ಹಾಗೆಯೇ ನಮ್ಮ ‘ಗ್ರಹಣ’ ಬೇರೆ, ಅವರ ‘ಇಕ್ಲಿಪ್ಸ್’ ಬೇರೆ. "ಸೇತುವೆ ಕಾಮಗಾರಿಗೆ ಗ್ರಹಣ" ಎಂದು ನಾವು ಓದಿದರೆ ಕೆಲಸ ನಿಂತಿದೆ ಎಂದು ಅರ್ಥ. ಅದನ್ನು ಇಕ್ಲಿಪ್ಸ್ ಎಂದು ಅನುವಾದಿಸಿದರೆ, ಆ ಸೇತುವೆಗಿಂತ ಒಳ್ಳೆಯ ಸೇತುವೆ ಇನ್ನೆಲ್ಲೋ ಬಂತು ಎಂದುಕೊಂಡಾರು.

ಅಧ್ಯಕ್ಷರು ಹೇಳಿದ ‘ತುಳಿಯುವುದ’ಕ್ಕೆ ಹತ್ತಿರದ ಇಂಗ್ಲಿಷ್ ಶಬ್ದ ಬೇಕಿದ್ದರೆ ಅದು ‘ಅಪ್‌ಸ್ಟೇಜ್’. ಯುರೋಪಿನ ಹಳೆಯ ನಾಟಕ ರಂಗಗಳ ನೆಲ ಹಿಂದಕ್ಕೆ ಹೋದಂತೆ ಎತ್ತರವಾಗುತ್ತಿತ್ತು. ಹಿಂಭಾಗಕ್ಕೆ ಅಪ್‌ಸ್ಟೇಜ್ ಎಂಬ ಹೆಸರು ಬಂದದ್ದು ಹಾಗೆ. ಒಬ್ಬ ನಟ ಉಪಾಯದಿಂದ ಹಿಂದಕ್ಕೆ ಸರಿದು ನಿಂತರೆ, ಅವನೊಡನೆ ಮಾತಾಡಲು ಎದುರಿನವನು ಪ್ರೇಕ್ಷಕರಿಗೆ ಬೆನ್ನು ಹಾಕಬೇಕಾಗುತ್ತದೆ. ಜನ ನೋಡುವುದು ಹಿಂದೆ ನಿಂತವನ ಮುಖ ಮಾತ್ರ. ಈ ಕುತಂತ್ರದಿಂದಲೇ ಕ್ರಿಯಾಪದ ಹುಟ್ಟಿತು. ಇವತ್ತು ರಂಗದ ಹೊರಗೂ ಬಳಸುತ್ತಾರೆ, ಆದರೆ ಇನ್ನೊಬ್ಬರ ಪಾಲಿನ ಗಮನವನ್ನು ಕಿತ್ತುಕೊಂಡ ವಾಸನೆ ಅದಕ್ಕೆ ಇದ್ದೇ ಇದೆ.

ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಸೀಮೆಯವರಿಗೆ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಪಾತ್ರ ನಡೆಸುವ ತಾಳಮದ್ದಳೆಯ ಉದಾಹರಣೆ ಕೊಟ್ಟರೆ ಸಾಕು. ಎದುರಿನ ಅರ್ಥಧಾರಿಗೆ ಬಾಯಿ ತೆರೆಯಲು ಬಿಡದೆ ಒಬ್ಬನೇ ಮಾತು ಎಳೆಯುತ್ತಾ ಹೋದರೆ ಅದು ಅಪ್‌ಸ್ಟೇಜ್. ಇಬ್ಬರಿಗೂ ಸರಿಯಾದ ಅವಕಾಶ ಸಿಕ್ಕಿ, ಕೃಷ್ಣನ ಮಾತಿನ ಮುಂದೆ ಕೌರವನ ಮಾತು ಸಪ್ಪೆಯಾದರೆ ಅದು ಔಟ್‌ಶೈನ್. ಕೌರವನ ಅರ್ಥ ಹೇಳಿದವರೂ ಚೆನ್ನಾಗಿಯೇ ಹೇಳಿರಬಹುದು. ಮಂಕಾದವರು ದಡ್ಡರೆಂದು ಔಟ್‌ಶೈನ್ ಹೇಳುವುದಿಲ್ಲ. ಎದುರಾಳಿ ಒಳ್ಳೆಯವನಿದ್ದಷ್ಟೂ ಆ ಶಬ್ದಕ್ಕೆ ಬೆಲೆ ಜಾಸ್ತಿ.

ಇನ್ನು ನಿಮ್ಮ ವಾಕ್ಯ. ನಿಮಗೆ ಹೇಳಬೇಕಾದದ್ದು ಮಕ್ಕಳು ಮಿಂಚಿದರು ಎಂದಾದರೆ ಬರೀ ‘ಶೋನ್’ ಸಾಕು: "ಅವರ್ ಸ್ಟೂಡೆಂಟ್ಸ್ ಶೋನ್ ಆ್ಯಟ್ ದ ಕಲೋತ್ಸವಂ". ನಾನಾದರೆ ಇದನ್ನೇ ಹಾಕುತ್ತೇನೆ. ಸಣ್ಣ ಶಬ್ದ, ತಪ್ಪಿಲ್ಲ, ಯಾರ ತಕರಾರೂ ಇಲ್ಲ. ಇಂಗ್ಲಿಷ್ ಸಪ್ಪೆಯಾಯಿತು ಎಂದು ಹೆಡ್ ಮಾಷ್ಟ್ರು ಹೇಳಿದರೆ ‘ಎಕ್ಸೆಲ್ಡ್’ ಹಾಕಬಹುದು. ಅದಕ್ಕೂ ಕರ್ಮ ಬೇಡ. ಸ್ವಲ್ಪ ಸರ್ಕಾರಿ ವರದಿಯ ಧಾಟಿ ಬರುತ್ತದೆ ಎಂಬುದೊಂದೇ ಕೊರತೆ. ‘ಸ್ಟುಡ್ ಔಟ್’ ಎಂದರೆ ಗುಂಪಿನಲ್ಲಿ ಎದ್ದು ಕಂಡರು ಎಂದಷ್ಟೇ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದನ್ನು ಮುಂದಿನ ಮಾತು ಹೇಳಬೇಕು.

ಔಟ್‌ಶೋನ್ ಇರಲೇಬೇಕು ಎಂದಾದರೆ ಕರ್ಮ ಸೇರಿಸಿ. "ಅವರ್ ನಾಟಕ ಟೀಮ್ ಔಟ್‌ಶೋನ್ ಆಲ್ ದಿ ಅದರ್ ಟೀಮ್ಸ್". ತಂಡಕ್ಕೆ ತಂಡ, ಹಾಡಿಗೆ ಹಾಡು ಹೋಲಿಸಿ. ನಮ್ಮ ನಾಟಕ ಪಕ್ಕದ ಶಾಲೆಯನ್ನು ಮೀರಿಸಿತು ಎಂದು ಬರೆದರೆ ನಾಟಕಕ್ಕೂ ಶಾಲೆಯ ಕಟ್ಟಡಕ್ಕೂ ಪಂದ್ಯ ಇಟ್ಟ ಹಾಗಾಗುತ್ತದೆ. ಮತ್ತೆ, ಬಹುಮಾನ ನಿಜವಾಗಿಯೂ ನಿಮಗೇ ಬಂದಿರಬೇಕು. ಎಲ್ಲರಿಗೂ ಎ ಗ್ರೇಡ್ ಬಂದ ಸ್ಪರ್ಧೆಯಲ್ಲಿ ನಾವು ಎಲ್ಲರನ್ನೂ ಮೀರಿಸಿದೆವು ಎಂದರೆ ಓದಿದವರು ನಗುತ್ತಾರೆ. ಯಾವ ಶಾಲೆಯ ಹೆಸರೂ ಬೇಡ. ಅದಕ್ಕಿಂತ ಮುಖ್ಯವಾಗಿ, ಕನ್ನಡ ಮಾಧ್ಯಮದವರು ಮಲಯಾಳಂ ಮಾಧ್ಯಮದವರನ್ನು ಔಟ್‌ಶೈನ್ ಮಾಡಿದರು ಎಂದು ಉತ್ಸಾಹದಲ್ಲಿ ಬರೆಯಬೇಡಿ. ನಮ್ಮ ಕಾಸರಗೋಡಿನಲ್ಲಿ ಆ ಒಂದು ವಾಕ್ಯ ಕಲೋತ್ಸವಕ್ಕಿಂತ ಹೆಚ್ಚು ದಿನ ನಡೆಯುತ್ತದೆ. ನಿಮ್ಮ ಸಂಚಿಕೆಯ ಅರ್ಧ ಕೆಲಸ ಮಾಡಿದವರು ಆ ವಿಭಾಗದವರೇ ಇರಬಹುದು.

ಕೆಲವರು ಜಾಣತನದಿಂದ ವಾಕ್ಯವನ್ನು ತಿರುಗಿಸುತ್ತಾರೆ: "ದಿ ಅದರ್ ಟೀಮ್ಸ್ ವರ್ ಔಟ್‌ಶೋನ್ ಬೈ ಅವರ್ಸ್". ವಿನಯ ಬಂತು ಎಂದು ಅವರ ಭಾವನೆ. ನಿಜವಾಗಿ ಆದದ್ದು ಉಲ್ಟಾ. ಸೋತವರನ್ನೇ ವಾಕ್ಯದ ಎದುರು ಸಾಲಿಗೆ ತಂದು ಕೂರಿಸಿದಂತಾಯಿತು. ಬೇಡ.

ಮಗಳ ಅರ್ಜಿಯ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಕರ್ಮ ಇದೆ, ಕಾಲ ಸರಿ ಇದೆ. ಅಮ್ಮನಿಗಿಂತ ಚೆನ್ನಾಗಿ ಬರೆದಿದ್ದಾಳೆ, ಬೇಸರ ಮಾಡಬೇಡಿ! ಆದರೂ ಆ ವಾಕ್ಯ ತೆಗೆಸಿ. ನಾನು ಮೀರಿಸುತ್ತೇನೆ ಎಂದು ನಾವೇ ಹೇಳಿಕೊಂಡರೆ ಅದಕ್ಕೆ ಸಾಕ್ಷಿ ಇಲ್ಲ. ‘ಆಲ್ವೇಸ್’ ಬೇರೆ ಸೇರಿಸಿದ್ದಾಳೆ. ಪ್ರವೇಶ ಸಮಿತಿಯಲ್ಲಿ ಕೂತವರು ಇಂಥ ವಾಕ್ಯವನ್ನು ಓದಿಯೂ ಓದದಂತೆ ದಾಟುತ್ತಾರೆ. ಇಲ್ಲವೇ, ಈ ಹುಡುಗಿ ಹಾಸ್ಟೆಲಿನಲ್ಲಿ ಹೇಗಿರುತ್ತಾಳೋ ಎಂದು ಯೋಚಿಸುತ್ತಾರೆ. ಅದರ ಬದಲು ಅವಳು ಏನು ಮಾಡಿದಳು ಎಂದು ಬರೆಯಲಿ. ಯಾವ ಸ್ಪರ್ಧೆ, ಯಾವ ವರ್ಷ, ಯಾವ ಗ್ರೇಡ್. ವಿಜ್ಞಾನ ಮೇಳಕ್ಕೆ ಮಾದರಿ ಮಾಡಿದ್ದರೆ ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಎರಡು ಸಾಲು. ಹೋಲಿಕೆಯನ್ನು ಓದುವವರೇ ಮಾಡಿಕೊಳ್ಳುತ್ತಾರೆ.

ಅದೇ ಮಾತನ್ನು ಅವಳ ಕ್ಲಾಸ್ ಟೀಚರ್ ಶಿಫಾರಸು ಪತ್ರದಲ್ಲಿ ಬರೆದರೆ ವಿಷಯ ಬೇರೆ. ಎಲ್ಲ ಮಕ್ಕಳನ್ನೂ ನೋಡಿದವರು ಅವರು, ತೂಗುವ ಹಕ್ಕು ಅವರಿಗೆ ಇದೆ. ಆಗಲೂ ‘ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ತನ್ನ ಬ್ಯಾಚನ್ನು ಮೀರಿಸಿದಳು’ ಎಂದು ಒಂದು ಗೆರೆ ಎಳೆದು ಹೇಳಿದರೆ ನಂಬಿಕೆ ಬರುತ್ತದೆ. ಎಲ್ಲದರಲ್ಲೂ ಎಲ್ಲರನ್ನೂ ಎಂದರೆ ಪತ್ರ ಬರೆದವರ ಮೇಲೆಯೇ ಅನುಮಾನ. ಅವಳು ಗುರುಗಳನ್ನೇ ಮೀರಿಸುತ್ತಾಳೆ ಎಂದು ಟೀಚರ್ ಬರೆದರೂ ತಪ್ಪಿಲ್ಲ. ಮಗನಿಂದ, ಶಿಷ್ಯನಿಂದ ಸೋಲು ಬಯಸಬೇಕು ಎಂಬ ಮಾತು ನಮ್ಮಲ್ಲಿಯೂ ಉಂಟಲ್ಲ. ಅದನ್ನು ಹೇಳಬೇಕಾದವರು ಗುರುಗಳು, ಶಿಷ್ಯೆ ಅಲ್ಲ.

ಕೊನೆಗೆ ಪ್ರೆಸ್ಸಿನ ವಿಷಯ. ಕಡೆಗೂ ಔಟ್‌ಶೋನ್ ಎಂದೇ ತೀರ್ಮಾನವಾದರೆ, ಅದು ಒಂದೇ ಶಬ್ದ ಎಂದು ಡಿಟಿಪಿಯವರಿಗೆ ಹೇಳಿ. ನಡುವೆ ಜಾಗವೂ ಬೇಡ, ಅಡ್ಡಗೆರೆಯೂ ಬೇಡ. ಸಾಲಿನ ಕೊನೆಯಲ್ಲಿ ಒಡೆಯಲೇಬೇಕಾಗಿ ಬಂದರೆ ‘ಔಟ್’ ಆದ ಮೇಲೆ ಮಾತ್ರ ಒಡೆಯಲಿ. ಕೊನೆಯ ಕರಡನ್ನು ಮುದ್ರಣಕ್ಕೆ ಕೊಡುವ ಮೊದಲು ನೀವೇ ಒಮ್ಮೆ ನೋಡಿ, ಯಾಕೆಂದರೆ ಕಂಪ್ಯೂಟರಿನ ಸ್ಪೆಲ್ಲಿಂಗ್ ತಪಾಸಣೆಗೆ ಕರ್ಮ ಬಿಟ್ಟುಹೋದದ್ದು ಗೊತ್ತಾಗುವುದಿಲ್ಲ.